ಫೋರ್ಟ್ ರಾಸ್: ಮರದ ಗೋಡೆಯ ಹೊರಗಿದ್ದ ಊರು

ಫೋರ್ಟ್ ರಾಸ್ ನೋಡಲು ಬರುವ ಎಷ್ಟೋ ಜನರಿಗಿಂತ ಅಲ್ಲಿನ ಕಟ್ಟಡಗಳ ವಯಸ್ಸು ಕಡಿಮೆ. 1812ರಲ್ಲಿ ರಷ್ಯನ್ನರು ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ಕಟ್ಟಿದ ಕೋಟೆ ಇದು. ಆದರೆ ಅವರ ಕಾಲದಿಂದ ಇವತ್ತಿನವರೆಗೂ ನಿಂತಿರುವುದು ಒಂದೇ ಮನೆ, 1836ರ ಸುಮಾರಿಗೆ ಕಟ್ಟಿದ ರೋಚೆವ್ ಮನೆ. ಸುತ್ತಲಿನ ಎತ್ತರದ ಮರದ ಗೋಡೆ, ಮೂಲೆಗಳಲ್ಲಿರುವ ಎರಡು ಬುರುಜು, ಪುಟ್ಟ ಚರ್ಚು, ಉಗ್ರಾಣ, ಇವೆಲ್ಲ ಆಮೇಲೆ ಮತ್ತೆ ಕಟ್ಟಿದ್ದು. ಉಗ್ರಾಣವಂತೂ ಈ ಶತಮಾನದ್ದೇ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು 140 ಕಿ.ಮೀ. ದೂರ. ಜೆನ್ನರ್ ದಾಟಿದ ಮೇಲೆ ರಸ್ತೆ ಸಮುದ್ರದ ಮೇಲಿನ ಬೆಟ್ಟದ ಅಂಚಿಗೇ ಅಂಟಿಕೊಂಡು ಸುತ್ತುತ್ತಾ ಹೋಗುತ್ತದೆ, ಎಡಕ್ಕೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಬೇ ಏರಿಯಾದ ನಮ್ಮವರು ಊರಿಂದ ಅಪ್ಪ ಅಮ್ಮ ಬಂದಾಗ ಗೋಲ್ಡನ್ ಗೇಟ್, ಲಿವರ್‌ಮೋರ್ ದೇವಸ್ಥಾನ, ಯೊಸೆಮಿಟಿ ತೋರಿಸುತ್ತಾರೆ. ಈ ಕಡೆಗೆ ಕರೆದುಕೊಂಡು ಬರುವವರು ಕಡಿಮೆ. ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ಅವರಿಬ್ಬರೂ ಕೇಳಿದ ಪ್ರಶ್ನೆಗಳಿಂದಲೇ ಈ ಬರಹ ಹುಟ್ಟಿದ್ದು.

ಅಪ್ಪ ಚಿತ್ರದುರ್ಗದ ಕಡೆಯವರು. ಕೋಟೆ ಅಂದರೆ ಅವರಿಗೆ ಏಳು ಸುತ್ತಿನ ಕಲ್ಲು. ರೆಡ್‌ವುಡ್ ಮರದ ಹಲಗೆಗಳನ್ನು ಸಾಲಾಗಿ ನೆಟ್ಟಿದ್ದ ಆ ಗೋಡೆಯನ್ನು ಕೈಯಲ್ಲಿ ಮುಟ್ಟಿ ನೋಡಿ, "ಹಂಗಾದರೆ ಇದು ಅಸಲಿ ಅಲ್ಲ ಅಂತಾಯ್ತು" ಅಂದರು. ಆಮೇಲೆ ಕೇಳಿದರು, "ಏನೂ ಉಳಿದಿರಲಿಲ್ಲ ಅಂದರೆ ಹೀಗೇ ಇತ್ತು ಅಂತ ಇವರಿಗೆ ಹೇಗೆ ಗೊತ್ತಾಯ್ತು?"

ಒಳ್ಳೆಯ ಪ್ರಶ್ನೆ ಅಲ್ವಾ. ಇದಕ್ಕೆ ಉತ್ತರವೂ ಇದೆ. 1817ರ ಒಂದು ನಕ್ಷೆ ಉಳಿದುಕೊಂಡಿದೆ. 1828ರಲ್ಲಿ ಬಂದಿದ್ದ ಫ್ರೆಂಚ್ ಹಡಗಿನ ಕಪ್ತಾನ ದುಓ-ಸಿಲಿ ಬಿಡಿಸಿದ ಚಿತ್ರ ಇದೆ. 1840-41ರಲ್ಲಿ ಇಲ್ಲಿದ್ದ ರಷ್ಯನ್ ವಿಜ್ಞಾನಿ ಇಲ್ಯಾ ವೊಜ್ನೆಸೆನ್‌ಸ್ಕಿ ಬಿಡಿಸಿದ ಚಿತ್ರಗಳೂ ಇವೆ. 1841ರಲ್ಲಿ ಕೋಟೆ ಮಾರಿದಾಗ ಯಾವ ಕಟ್ಟಡ ಎಷ್ಟು ಉದ್ದ, ಎಷ್ಟು ಅಗಲ ಅಂತ ಮಾಡಿದ ಪಟ್ಟಿ ಇದೆ. ಜೊತೆಗೆ ನೆಲ ಅಗೆದಾಗ ಸಿಕ್ಕ ಹಳೆಯ ಕಂಬಗಳ ಬುಡ. ಇಷ್ಟನ್ನೂ ಇಟ್ಟುಕೊಂಡು ಕಟ್ಟಿದ್ದು. ಒಂದು ಬುರುಜಿಗೆ ಏಳು ಮೂಲೆ, ಇನ್ನೊಂದಕ್ಕೆ ಎಂಟು ಮೂಲೆ. ಅದನ್ನೂ ಹಳೆಯದರ ಹಾಗೆಯೇ ಮಾಡಿದ್ದಾರೆ.

ಚರ್ಚಿನ ಕಥೆ ಕೇಳಿದರೆ ಅಸಲಿ ನಕಲಿ ಅನ್ನುವ ಮಾತೇ ಸಡಿಲವಾಗುತ್ತದೆ. ಅದನ್ನು ಮೊದಲು ಕಟ್ಟಿದ್ದು 1820ರ ದಶಕದಲ್ಲಿ. ಸ್ಯಾನ್ ಆಂಡ್ರಿಯಾಸ್ ಬಿರುಕು ಕೋಟೆಯ ಹಿಂದಿನ ಬೆಟ್ಟದಲ್ಲೇ ಹಾದುಹೋಗುತ್ತದೆ, ಹಾಗಾಗಿ 1906ರ ಭೂಕಂಪದಲ್ಲಿ ಚರ್ಚಿನ ಗೋಡೆಗಳು ಕುಸಿದವು, ಸೂರು ಮಾತ್ರ ನೆಲದ ಮೇಲೆ ಕೂತಿತು. ಹತ್ತು ವರ್ಷದ ನಂತರ ಮತ್ತೆ ಎತ್ತಿ ನಿಲ್ಲಿಸಿದರು. 1970ರಲ್ಲಿ ಬೆಂಕಿ ಬಿದ್ದು ಪೂರ್ತಿ ಸುಟ್ಟುಹೋಯಿತು. ಮತ್ತೆ ಕಟ್ಟಿದರು. ಬೆಂಕಿಯಲ್ಲಿ ಕರಗಿದ ಗಂಟೆಯ ಲೋಹವನ್ನು ಬೆಲ್ಜಿಯಂಗೆ ಕಳಿಸಿ ಅದೇ ಲೋಹ ಸೇರಿಸಿ ಹೊಸ ಗಂಟೆ ಎರಕ ಹೊಯ್ಯಿಸಿದರು. ಕ್ಯಾಲಿಫೋರ್ನಿಯಾದ ರಷ್ಯನ್ ಆರ್ಥೊಡಾಕ್ಸ್ ಜನ ಪ್ರತಿ ವರ್ಷ ಜುಲೈ 4ರಂದು ಇಲ್ಲಿಗೆ ಯಾತ್ರೆ ಬಂದು ಪೂಜೆ ಮಾಡುತ್ತಾರೆ. ಅವರಿಗೆ ಇದು ಹಳೆಯ ಚರ್ಚೇ. ಅದರಲ್ಲಿ ತಪ್ಪೇನಿದೆ?

ಹಾಗಾಗಿ ಮತ್ತೆ ಕಟ್ಟಿದ್ದರ ಬಗ್ಗೆ ನನ್ನ ತಕರಾರಿಲ್ಲ. ಪ್ರೀತಿಯಿಂದ, ಶ್ರದ್ಧೆಯಿಂದ ಕಟ್ಟಿದ್ದಾರೆ. ನನ್ನನ್ನು ಕಾಡಿದ್ದು ಬೇರೆ. ಯಾವುದನ್ನು ಮತ್ತೆ ಕಟ್ಟಿದರು, ಯಾವುದನ್ನು ಹಾಗೇ ಬಿಟ್ಟರು ಅನ್ನುವುದು.

ಮೊದಲು ರಷ್ಯನ್ನರು ಇಲ್ಲಿಗೆ ಯಾಕೆ ಬಂದರು ನೋಡೋಣ. ಅಲಾಸ್ಕಾದಲ್ಲಿ ರಷ್ಯನ್-ಅಮೆರಿಕನ್ ಕಂಪನಿ ಅಂತ ಒಂದಿತ್ತು. ತ್ಸಾರ್ ದೊರೆಯಿಂದ ಸನ್ನದು ಪಡೆದ ವ್ಯಾಪಾರಿ ಕಂಪನಿ, ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿ ಇದ್ದ ಹಾಗೆಯೇ ಅಲ್ಲಿ ಆಡಳಿತವನ್ನೂ ಅದೇ ನಡೆಸುತ್ತಿತ್ತು. ಅದರ ವ್ಯಾಪಾರ ನಿಂತಿದ್ದದ್ದು ಕಡಲ ನೀರುನಾಯಿಯ ಚರ್ಮದ ಮೇಲೆ. ಇಷ್ಟು ದಟ್ಟವಾದ ಕೂದಲು ಬೇರೆ ಯಾವ ಪ್ರಾಣಿಗೂ ಇಲ್ಲ. ಚೀನಾದಲ್ಲಿ ಅದಕ್ಕೆ ಭಾರೀ ಬೆಲೆ. ಆದರೆ ಅಲಾಸ್ಕಾದ ಚಳಿಯಲ್ಲಿ ಕಾಳು ಬೆಳೆಯುವುದಿಲ್ಲ, ರಷ್ಯಾದಿಂದ ಬರುವ ಊಟ ಎಂದು ಬರುತ್ತದೋ ಗೊತ್ತಿಲ್ಲ, ಜನ ಹಸಿವಿನಿಂದ ಸಾಯುತ್ತಿದ್ದರು. 1806ರಲ್ಲಿ ರೆಜಾನೊವ್ ಅನ್ನುವ ಅಧಿಕಾರಿ ಸ್ಪೇನಿನವರ ಕೈಯಲ್ಲಿದ್ದ ಸ್ಯಾನ್ ಫ್ರಾನ್ಸಿಸ್ಕೋಗೆ ಧಾನ್ಯ ಕೇಳಿಕೊಂಡೇ ಬಂದ. ಆಮೇಲೆ ಕಂಪನಿಯವರಿಗೆ ಅನಿಸಿತು, ನಾವೇ ಯಾಕೆ ಅಲ್ಲೊಂದು ಊರು ಮಾಡಬಾರದು?

1812ರಲ್ಲಿ ಇವಾನ್ ಕುಸ್ಕೊವ್ ಅನ್ನುವ, ಒಂದು ಕಾಲು ಮರದ್ದಾಗಿದ್ದ ಮನುಷ್ಯ ಜನರನ್ನು ಕರೆದುಕೊಂಡು ಇಲ್ಲಿಗೆ ಬಂದ. ಅವರಲ್ಲಿ ರಷ್ಯನ್ನರು ಸುಮಾರು 25, ಅಲಾಸ್ಕಾದ ಮೂಲನಿವಾಸಿಗಳು ಸುಮಾರು 80. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ರಷ್ಯನ್ ಕೋಟೆ ಅಂತ ಹೆಸರಾದ ಜಾಗಕ್ಕೆ ಮೊದಲ ದಿನ ಬಂದವರಲ್ಲೇ ರಷ್ಯನ್ನರು ಕಾಲುಭಾಗ. ಇನ್ನು ಆ ನೆಲದಲ್ಲಿ ಅಷ್ಟು ಹೊತ್ತಿಗಾಗಲೇ ಇದ್ದವರು ಕಶಾಯಾ ಪೋಮೋ ಜನ. ಅವರ ಊರು ಮೆತಿನಿ ಇದ್ದದ್ದು ಇಲ್ಲಿಯೇ. ಮೂರು ಕಂಬಳಿ, ಮೂರು ಜೊತೆ ಷರಾಯಿ, ಎರಡು ಕೊಡಲಿ, ಮೂರು ಗುದ್ದಲಿ, ಒಂದಷ್ಟು ಮಣಿಸರ ಕೊಟ್ಟು ಈ ಜಾಗ ಪಡೆದರು ಅಂತ ಹೇಳುವುದುಂಟು. 1817ರಲ್ಲಿ ಹಾಗೆಮೈಸ್ಟರ್ ಅನ್ನುವ ಕಂಪನಿಯ ಅಧಿಕಾರಿ ಕಶಾಯಾ ಮುಖಂಡರನ್ನು ಕರೆದು ಮಾತುಕತೆ ಮಾಡಿ, ಒಬ್ಬರಿಗೆ ಬೆಳ್ಳಿ ಪದಕ ಕೊಟ್ಟು, ಕಾಗದದಲ್ಲಿ ಬರೆಸಿದ. ಯೂರೋಪಿನವರು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಜೊತೆ ಕೂತು ಹೀಗೆ ಕಾಗದಪತ್ರ ಮಾಡಿದ್ದೇ ಅಪರೂಪ. ಆದರೆ ಆ ಕಾಗದ ಬೇಕಾಗಿದ್ದದ್ದು ಸ್ಪೇನಿನವರಿಗೆ ತೋರಿಸುವುದಕ್ಕೆ. ಈ ಕರಾವಳಿ ತಮ್ಮದು ಅಂತ ಅವರು ಹೇಳುತ್ತಲೇ ಇದ್ದರಲ್ಲ.

ಬುರುಜಿನೊಳಗೆ ಫಿರಂಗಿಗಳಿವೆ. ಕಿಂಡಿಯಿಂದ ನೋಡಿದರೆ ನೀಲಿ ಸಮುದ್ರ ಕಾಣುತ್ತದೆ. ಅಪ್ಪ ತುಂಬಾ ಹೊತ್ತು ಅಲ್ಲೇ ನಿಂತಿದ್ದರು. ಈ ಕೋಟೆಯ ಮೇಲೆ ಯಾರೂ ಯಾವತ್ತೂ ದಾಳಿ ಮಾಡಲಿಲ್ಲ.

ಅಮ್ಮ ಉಗ್ರಾಣ ನೋಡಿದರು. ಚರ್ಮದ ಕಟ್ಟುಗಳು, ಪೀಪಾಯಿಗಳು, ತೂಕದ ತಕ್ಕಡಿ. ರೋಚೆವ್ ಮನೆಯನ್ನೂ ನೋಡಿದರು. ಕೊನೆಯ ಮ್ಯಾನೇಜರ್ ಅಲೆಕ್ಸಾಂಡರ್ ರೋಚೆವ್, ಅವನ ಹೆಂಡತಿ ಎಲೆನಾ ಇದ್ದ ಮನೆ. 1841ರಲ್ಲಿ ಬಂದಿದ್ದ ಫ್ರೆಂಚ್ ಪ್ರವಾಸಿ ದುಫ್ಲೋ ದ ಮೊಫ್ರಾ ಅವರಲ್ಲಿದ್ದ ಒಳ್ಳೊಳ್ಳೆ ಪುಸ್ತಕ, ಫ್ರೆಂಚ್ ವೈನ್, ಪಿಯಾನೋ, ಮೊಜಾರ್ಟನ ಸಂಗೀತ ಕಂಡು ಬೆರಗಾಗಿ ಬರೆದಿದ್ದಾನೆ. ಎಲ್ಲ ನೋಡಿ ಹೊರಗೆ ಬಂದು ಅಮ್ಮ ಕೇಳಿದರು, "ಇಷ್ಟು ಜನ ಇದ್ದರು ಅಂತೀಯ. ಉಳಿದವರೆಲ್ಲ ಎಲ್ಲಿ ಅಡುಗೆ ಮಾಡ್ಕೊಳ್ತಿದ್ದರು? ಎಲ್ಲಿ ಮಲಗ್ತಿದ್ದರು? ಇಲ್ಲಿ ಅಷ್ಟು ಮನೆಗಳೇ ಇಲ್ವಲ್ಲ."

ಅವರೆಲ್ಲ ಗೋಡೆಯ ಹೊರಗಿದ್ದರು.

1836ರಲ್ಲಿ ಇಲ್ಲಿಗೆ ಬಂದಿದ್ದ ಪಾದ್ರಿ ವೆನಿಯಾಮಿನೊವ್ ತಲೆಯೆಣಿಕೆ ಬರೆದಿಟ್ಟಿದ್ದಾರೆ: ಒಟ್ಟು 260 ಜನ. ರಷ್ಯನ್ನರು 120, ರಷ್ಯನ್ ತಂದೆ ಮತ್ತು ಮೂಲನಿವಾಸಿ ತಾಯಿಗೆ ಹುಟ್ಟಿದ ಕ್ರಿಯೋಲ್ ಜನ 51, ಅಲಾಸ್ಕಾದವರು 50, ಕ್ರೈಸ್ತ ದೀಕ್ಷೆ ಪಡೆದ ಇಲ್ಲಿನ ಮೂಲನಿವಾಸಿಗಳು 39. ದೀಕ್ಷೆ ಪಡೆಯದ ಕಶಾಯಾ ಜನ ಈ ಲೆಕ್ಕಕ್ಕೇ ಬರುವುದಿಲ್ಲ. ಗೋಡೆಯೊಳಗೆ ಇದ್ದವರು ಮ್ಯಾನೇಜರ್, ಕೆಲವು ಅಧಿಕಾರಿಗಳು, ಬಂದು ಹೋಗುವ ಅತಿಥಿಗಳು. ಕೆಳದರ್ಜೆಯ ರಷ್ಯನ್ನರು ಮತ್ತು ಕ್ರಿಯೋಲರ ಮನೆಗಳು ಗೋಡೆಯ ಆಚೆ ಒಂದು ಕಡೆ. ಸಮುದ್ರದ ದಂಡೆಯ ಮೇಲೆ ಅಲಾಸ್ಕಾದವರ ಹಳ್ಳಿ. ಕಶಾಯಾ ಜನರ ಊರು ಇನ್ನೊಂದು ಕಡೆ. ಅಂದರೆ ಊರು ಅನ್ನುವುದು ಇದ್ದದ್ದೇ ಹೊರಗೆ. ಆ ದೊಡ್ಡ ಗೋಡೆ ಸುತ್ತುವರಿದದ್ದು ಕಂಪನಿಯ ಆಫೀಸು ಮತ್ತು ಗೋಡೌನನ್ನು ಅಂದರೂ ನಡೆಯುತ್ತದೆ.

ಅಮ್ಮನನ್ನು ದಕ್ಷಿಣದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದೆ. ಗಾಳಿ ಜೋರಿತ್ತು. ಅಲಾಸ್ಕಾದವರ ಹಳ್ಳಿ ಇದ್ದ ಜಾಗದಲ್ಲಿ ಈಗ ಬರೀ ಹುಲ್ಲು. ಆದರೆ ನನ್ನ ಮಟ್ಟಿಗೆ ಫೋರ್ಟ್ ರಾಸ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ ಅದೇ.

1980ರ ದಶಕದ ಕೊನೆಯಿಂದ ಬರ್ಕ್ಲಿ ವಿಶ್ವವಿದ್ಯಾಲಯದ ಪುರಾತತ್ವ ತಜ್ಞ ಕೆಂಟ್ ಲೈಟ್‌ಫುಟ್ ಮತ್ತು ಅವರ ಜೊತೆಯವರು ಈ ಕಡೆ ಅಗೆದು ನೋಡಿದರು. ಅವರಿಗೆ ಮುಖ್ಯವಾಗಿ ಸಿಕ್ಕಿದ್ದು ತಿಪ್ಪೆ. ಒಲೆಯಲ್ಲಿ ಕಾದು ಬಿರುಕುಬಿಟ್ಟ ಕಲ್ಲು, ಮೀನಿನ ಮುಳ್ಳು, ಚಿಪ್ಪು, ಸೀಲ್ ಮೂಳೆ, ದನದ ಮೂಳೆ, ಒಡೆದ ಗಾಜಿನ ಚೂರು, ಪಿಂಗಾಣಿ ಚೂರು, ಮಣಿ. ಅದನ್ನು ಓದಿದ ರೀತಿ ಮಾತ್ರ ಅದ್ಭುತ. ಈ ಹಳ್ಳಿಯ ಹೆಚ್ಚಿನ ಮನೆಗಳಲ್ಲಿ ಗಂಡ ಅಲಾಸ್ಕಾದವನು, ಹೆಂಡತಿ ಕಶಾಯಾ ಅಥವಾ ಪಕ್ಕದ ಜನಾಂಗದವಳು. 1820, 1821ರಲ್ಲಿ ಕುಸ್ಕೊವ್ ಮಾಡಿಸಿದ ಗಣತಿಯಲ್ಲಿ ಇಂಥ ಜೋಡಿಗಳ ಪಟ್ಟಿಯೇ ಇದೆ. ಹಳ್ಳಿಯನ್ನು ಕಟ್ಟಿದ ಜಾಗ, ಮನೆಗಳು ಸಮುದ್ರಕ್ಕೆ ಮುಖ ಮಾಡಿದ ರೀತಿ ಅಲಾಸ್ಕಾದ್ದು. ಆದರೆ ಒಳಗಿನ ಅಡುಗೆ, ನೆಲ ಸ್ವಚ್ಛವಾಗಿಡುವ ಕ್ರಮ, ಕಸವನ್ನು ಎಲ್ಲಿ ಹಾಕಬೇಕು ಅನ್ನುವುದು, ಬಿಸಿ ಕಲ್ಲು ಹಾಕಿ ನೆಲದೊಳಗೆ ಬೇಯಿಸುವುದು, ಇವೆಲ್ಲ ಕಶಾಯಾ ಹೆಂಗಸರ ಕ್ರಮ. ಸಾವಿರಾರು ಮೈಲಿ ದೂರದಿಂದ ಬಂದ ಗಂಡನ ಸೀಲ್ ಮಾಂಸ ಈ ನೆಲದ ಹೆಂಗಸಿನ ಒಲೆಯಲ್ಲಿ ಬೆಂದಿದೆ. ಅಮ್ಮ ಕೇಳಿದ ಪ್ರಶ್ನೆ ಇದೇ ಅಲ್ವಾ? ಯಾರು, ಎಲ್ಲಿ, ಹೇಗೆ ಅಡುಗೆ ಮಾಡುತ್ತಿದ್ದರು ಅಂತ. ಪಿಯಾನೋ ಬಗ್ಗೆ ಫ್ರೆಂಚ್ ಪ್ರವಾಸಿ ಬರೆದ. ಈ ಒಲೆಗಳ ಬಗ್ಗೆ ಅವತ್ತು ಯಾರೂ ಬರೆಯಲಿಲ್ಲ, ಮಣ್ಣೇ ಹೇಳಬೇಕಾಯಿತು.

ಆ ಗಂಡಸರೂ ಖುಷಿಯಿಂದ ಬಂದವರಲ್ಲ. ಕೋಡಿಯಾಕ್ ಮತ್ತು ಸುತ್ತಲಿನ ದ್ವೀಪಗಳ ಈ ಬೇಟೆಗಾರರನ್ನು ಕಂಪನಿ ಒತ್ತಾಯದಿಂದ ಕೆಲಸಕ್ಕೆ ಹಚ್ಚುತ್ತಿತ್ತು. ಚರ್ಮ ಹೊದಿಸಿದ ಹಗುರ ದೋಣಿಯಲ್ಲಿ ಕೂತು, ಈಟಿ ಎಸೆದು, ಕಡಲ ನೀರುನಾಯಿ ಹಿಡಿಯುವುದರಲ್ಲಿ ಅವರ ಸಮ ಯಾರೂ ಇರಲಿಲ್ಲ. ಆ ಕೌಶಲವೇ ಅವರಿಗೆ ಮುಳುವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಎದುರಿನ ಫ್ಯಾರಲೋನ್ ಬಂಡೆ ದ್ವೀಪಗಳಲ್ಲಿ, ನೀರು ನೆರಳು ಸರಿಯಾಗಿ ಇಲ್ಲದ ಕಡೆ, ವರ್ಷಗಟ್ಟಲೆ ಅವರನ್ನು ಇಟ್ಟು ಬೇಟೆ ಮಾಡಿಸಿದರು. 1820ರ ಹೊತ್ತಿಗೆ ನೀರುನಾಯಿಗಳು ತೀರಾ ಕಡಿಮೆಯಾದವು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಇಡೀ ಕ್ಯಾಲಿಫೋರ್ನಿಯಾದಲ್ಲಿ ಬಿಗ್ ಸರ್ ಬಳಿ ಒಂದು ಸಣ್ಣ ಗುಂಪು ಮಾತ್ರ ಉಳಿದಿತ್ತು. 1911ರ ಅಂತರರಾಷ್ಟ್ರೀಯ ಒಪ್ಪಂದದ ನಂತರ ಅವು ನಿಧಾನವಾಗಿ ಹೆಚ್ಚಿ ಈಗ ಸುಮಾರು 3,000 ಇವೆ, ಎಲ್ಲವೂ ದಕ್ಷಿಣದ ಕಡೆಗೆ. ಯಾವ ಪ್ರಾಣಿಗಾಗಿ ಈ ಕೋಟೆ ಕಟ್ಟಿದರೋ ಅದು ಇವತ್ತಿಗೂ ಈ ನೀರಿಗೆ ವಾಪಸ್ ಬಂದು ನೆಲೆಸಿಲ್ಲ.

ಚರ್ಮ ಕಡಿಮೆಯಾದಾಗ ಕಂಪನಿ ಬೇಸಾಯದ ಕಡೆ ತಿರುಗಿತು. ಕರಾವಳಿಯ ಮಂಜಿಗೆ ಗೋಧಿ ಚೆನ್ನಾಗಿ ಆಗುತ್ತಿರಲಿಲ್ಲ, ಒಳನಾಡಿನಲ್ಲಿ ಮೂರು ಹೊಲಮನೆ ಮಾಡಿದರು, ಹಡಗು ಕಟ್ಟಲು ನೋಡಿದರು, ಮರ ಬೇಗ ಕೊಳೆತು ಅದೂ ಕೈಗೂಡಲಿಲ್ಲ. ಹಿಟ್ಟು ಬೀಸಲು ಗಾಳಿಗಿರಣಿ ಕಟ್ಟಿದರು. ಕ್ಯಾಲಿಫೋರ್ನಿಯಾದ ಮೊದಲ ಗಾಳಿಗಿರಣಿ ಅಂತ ಅದಕ್ಕೆ ಹೆಸರು. ಕೋಟೆಗೆ 200 ವರ್ಷ ತುಂಬಿದ 2012ರಲ್ಲಿ ಅದರ ಪ್ರತಿಕೃತಿಯನ್ನೂ ತಂದು ನಿಲ್ಲಿಸಿದರು. ನೋಡಲು ಚೆಂದ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಅದೇ ಗಿರಣಿಯ ಬಗ್ಗೆ ಕಶಾಯಾ ಜನರ ಬಾಯಲ್ಲಿ ಒಂದು ಕಥೆ ಉಳಿದಿತ್ತು. ರಾಬರ್ಟ್ ಓಸ್ವಾಲ್ಟ್ ಅನ್ನುವ ಭಾಷಾತಜ್ಞ 1950ರ ದಶಕದ ಕೊನೆಯ ಹೊತ್ತಿಗೆ ಹರ್ಮನ್ ಜೇಮ್ಸ್, ಎಸ್ಸಿ ಪ್ಯಾರಿಷ್ ಮುಂತಾದ ಹಿರಿಯರ ಹತ್ತಿರ ಕೂತು ಅವರ ಭಾಷೆಯಲ್ಲೇ ಕಥೆಗಳನ್ನು ದಾಖಲಿಸಿದರು. ಹರ್ಮನ್ ಜೇಮ್ಸ್ ಹೇಳಿದ ಕಥೆಯಲ್ಲಿ ಬಂದವರು ಗೋಧಿ ಬೆಳೆದದ್ದು, ಮೂಲನಿವಾಸಿಗಳು ಅದನ್ನು ಕೊಯ್ದು ಹೊತ್ತು ತಂದದ್ದು, ಬೆಟ್ಟದ ಮೇಲೆ ಗಾಳಿಗೆ ತಿರುಗುವ ಗಿರಣಿ, ಎಲ್ಲ ಬರುತ್ತದೆ. ಒಂದು ದಿನ ಒಬ್ಬ ಹೆಂಗಸು ಗಿರಣಿಯ ಹತ್ತಿರ ಹೋದಳು. ಅವಳ ಕೂದಲು ಉದ್ದ. ತಿರುಗುವ ಚಕ್ರಕ್ಕೆ ಕೂದಲು ಸಿಕ್ಕಿತು. ಅವಳು ಸತ್ತುಹೋದಳು. ಅವಳ ಜನ ಅವಳನ್ನು ಮನೆಗೆ ಹೊತ್ತುಕೊಂಡು ಹೋಗಿ ಸಂಸ್ಕಾರ ಮಾಡಿದರು.

ನೂರು ವರ್ಷಕ್ಕೂ ಜಾಸ್ತಿ ಕಾಲ ಬಾಯಿಂದ ಬಾಯಿಗೆ ಆ ಹೆಂಗಸು ಬಂದಿದ್ದಾಳೆ. ಯಾವ ಕಂಪನಿ ಲೆಕ್ಕದಲ್ಲೂ ಅವಳಿಲ್ಲದಿರಬಹುದು, ಆದರೆ ಅವಳ ಜನ ಮರೆಯಲಿಲ್ಲ. ಗಾಳಿಗಿರಣಿಯನ್ನು ಮತ್ತೆ ಕಟ್ಟುವುದಾದರೆ ಈ ಕಥೆಯನ್ನೂ ಅದರ ಪಕ್ಕದಲ್ಲೇ, ದೊಡ್ಡ ಅಕ್ಷರದಲ್ಲಿ, ಕಶಾಯಾ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ನಿಲ್ಲಿಸಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಮೊದಲ ಗಿರಣಿ ಅನ್ನುವುದು ನಿಜ, ಅದು ಒಬ್ಬಳನ್ನು ಬಲಿ ತೆಗೆದುಕೊಂಡ ಕಥೆಯೂ ಅದೇ ಗಿರಣಿಯದು.

ರಷ್ಯನ್ನರು ಸ್ಪೇನಿನವರಷ್ಟು ಕೆಟ್ಟವರಲ್ಲ ಅಂತ ಇಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಸತ್ಯ ಇದೆ. ಸ್ಪೇನಿನ ಮಿಷನ್‌ಗಳಲ್ಲಿ ಮೂಲನಿವಾಸಿಗಳನ್ನು ಕೂಡಿಹಾಕಿ, ಧರ್ಮ ಬದಲಿಸಿ, ಓಡಿಹೋದವರನ್ನು ಹಿಡಿದು ತಂದು ಹೊಡೆಯುತ್ತಿದ್ದರು. ರಷ್ಯನ್ ಕಂಪನಿಗೆ ಬೇಕಾಗಿದ್ದದ್ದು ಚರ್ಮ ಮತ್ತು ಕಾಳು, ಜನರ ಧರ್ಮ ಬದಲಿಸುವ ಹಟ ಅಷ್ಟಿರಲಿಲ್ಲ. ಕಶಾಯಾ ಭಾಷೆ, ಹಾಡು, ಕುಣಿತ ಉಳಿದುಕೊಂಡಿದ್ದಕ್ಕೆ ಇದೂ ಒಂದು ಕಾರಣ. ಆದರೆ ಬೇಸಾಯ ಬೆಳೆದ ಹಾಗೆ ಸುಗ್ಗಿಗೆ ಆಳು ಸಾಲದೆ ಸುತ್ತಲಿನ ಹಳ್ಳಿಗಳಿಂದ ಜನರನ್ನು ಬಲವಂತವಾಗಿ ಹಿಡಿದು ತರಿಸುವುದು ಶುರುವಾಯಿತು. 1833ರಲ್ಲಿ ಇಲ್ಲಿಗೆ ಬಂದ ಕಂಪನಿಯ ಗವರ್ನರ್ ರಾಂಗೆಲ್ ಇದನ್ನು ಕಂಡು, ಕೆಟ್ಟ ಊಟ, ಇಲ್ಲದಷ್ಟು ಕಡಿಮೆ ಕೂಲಿ ಸರಿಯಲ್ಲ ಅಂತ ಮೇಲಿನವರಿಗೆ ಬರೆದ. ಗವರ್ನರನೇ ಬರೆದ ಮೇಲೆ ಇನ್ನೇನು ಸಾಕ್ಷಿ ಬೇಕು.

1839ರಲ್ಲಿ ಅಲಾಸ್ಕಾಗೆ ಊಟ ಒದಗಿಸಲು ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿ ಒಪ್ಪಿಕೊಂಡಿತು. ಅಲ್ಲಿಗೆ ಫೋರ್ಟ್ ರಾಸ್ ಇರಬೇಕಾದ ಕಾರಣವೇ ಹೋಯಿತು. 1841ರಲ್ಲಿ ಒಳನಾಡಿನ ಜಮೀನುದಾರ ಜಾನ್ ಸಟರ್‌ಗೆ 30,000 ಡಾಲರಿಗೆ ಮಾರಿದರು, ಅದೂ ಕಂತಿನಲ್ಲಿ, ಹೆಚ್ಚು ಭಾಗ ಗೋಧಿಯ ರೂಪದಲ್ಲಿ. ಸಟರ್ ಫಿರಂಗಿ, ದನ, ಹಲಗೆ ಎಲ್ಲ ಬಿಚ್ಚಿಸಿ ಈಗಿನ ಸ್ಯಾಕ್ರಮೆಂಟೋದಲ್ಲಿದ್ದ ತನ್ನ ಕೋಟೆಗೆ ಸಾಗಿಸಿದ. 1848ರ ಜನವರಿಯಲ್ಲಿ ಅದೇ ಸಟರನ ಮರ ಕೊಯ್ಯುವ ಮಿಲ್ಲಿನಲ್ಲಿ ಚಿನ್ನ ಸಿಕ್ಕಿತು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದ ಜನ, 1850ರ ಕಾನೂನಿನ ಹೆಸರಲ್ಲಿ ಮೂಲನಿವಾಸಿಗಳನ್ನು ಜೀತಕ್ಕೆ ಇಟ್ಟುಕೊಂಡದ್ದು, ಕೊಂದದ್ದು, ಅದೇ ಒಂದು ದೊಡ್ಡ ಕಥೆ.

ಕಶಾಯಾ ಜನ ಅಷ್ಟಾದರೂ ಇಲ್ಲಿಯೇ ಇದ್ದರು. ಕೋಟೆ ಖಾಸಗಿ ರ‍್ಯಾಂಚ್ ಆಯಿತು, ಒಡೆಯರು ಬದಲಾದರು, ಇವರು ಅಲ್ಲೇ ಕೂಲಿ ಮಾಡಿಕೊಂಡಿದ್ದರು. 1873ರಲ್ಲಿ ಜಾರ್ಜ್ ಕಾಲ್ ಈ ಜಮೀನು ಕೊಂಡ ಮೇಲೆ ಮೆತಿನಿ ಬಿಟ್ಟು ಒಳನಾಡಿಗೆ ಹೋಗಬೇಕಾಯಿತು. ಚಾರ್ಲ್ಸ್ ಹಾಪ್ಟ್ ಅನ್ನುವವನ ಹೆಂಡತಿ ಕಶಾಯಾ, ಅವನ ಜಮೀನಿನಲ್ಲಿ ಜಾಗ ಸಿಕ್ಕಿತು. ಕೊನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರ್ಕಾರ ಸ್ಟುವರ್ಟ್ಸ್ ಪಾಯಿಂಟ್ ಬಳಿ ಬೆಟ್ಟದ ಮೇಲೆ ಸುಮಾರು 40 ಎಕರೆ ಕೊಟ್ಟಿತು. ಸಮುದ್ರದಿಂದ ಚಿಪ್ಪು, ಪಾಚಿ, ಮೀನು ತಂದು ತಿನ್ನುತ್ತಿದ್ದ ಜನಕ್ಕೆ ಸಮುದ್ರದ ದಂಡೆಯಲ್ಲಿ ಒಂದಂಗುಲವೂ ಸ್ವಂತದ್ದು ಇರಲಿಲ್ಲ. ಅವರ ಪೂರ್ವಜರು ಹೆಣೆದ, ಹಕ್ಕಿಯ ಗರಿ ಸೇರಿಸಿದ ಬುಟ್ಟಿಗಳಲ್ಲಿ ತುಂಬಾ ಹಳೆಯವು ಇರುವುದು ಸೇಂಟ್ ಪೀಟರ್ಸ್‌ಬರ್ಗಿನ ಮ್ಯೂಸಿಯಂನಲ್ಲಿ, ವೊಜ್ನೆಸೆನ್‌ಸ್ಕಿ ಒಯ್ದದ್ದು.

ಕೋಟೆಯ ಗೋಡೆಯನ್ನು ಮತ್ತೆ ಕಟ್ಟಲು ಹಣ, ನಕ್ಷೆ, ತಜ್ಞರು ಎಲ್ಲ ಸಿಕ್ಕಿತು. ಹೊರಗಿನ ಊರಿಗೆ ಅಷ್ಟು ಸಿಗಲಿಲ್ಲ. ಗೋಡೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಬಂದವರು ಅದನ್ನೇ ಇತಿಹಾಸ ಅಂದುಕೊಂಡು ಹೋಗುತ್ತಾರೆ, ಮಕ್ಕಳು ಶಾಲೆಯಿಂದ ಬಂದು ರಷ್ಯನ್ ಉಡುಪು ಹಾಕಿಕೊಂಡು ಒಂದು ರಾತ್ರಿ ಉಳಿದು ಹೋಗುತ್ತಾರೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆ ಮಕ್ಕಳು ಒಂದು ಗಂಟೆಯಾದರೂ ಹೊರಗಿನ ಹುಲ್ಲಿನಲ್ಲಿ ಕೂತು, ಅಲ್ಲಿ ಒಲೆ ಹಚ್ಚಿದವರ ಬಗ್ಗೆ ಕೇಳಬೇಕು. ಅದನ್ನು ಹೇಳಬೇಕಾದವರು ಕಶಾಯಾ ಜನರೇ, ಅವರು ಹೇಳಲು ಒಪ್ಪಿದಷ್ಟು, ಅವರು ಹೇಳುವ ರೀತಿಯಲ್ಲಿ.

ನೀವು ಹೋಗುವುದಾದರೆ ಮೊದಲು ಗೋಡೆಯೊಳಗೆ ಹೋಗಬೇಡಿ. ಪಾರ್ಕಿಂಗ್‌ನಿಂದ ಇಳಿದು ಸೀದಾ ಸಮುದ್ರದ ಕಡೆ ಹೋಗಿ, ಹಳ್ಳಿ ಇದ್ದ ದಂಡೆಯ ಮೇಲೆ ನಿಂತು, ಅಲ್ಲಿಂದ ಕೋಟೆಯನ್ನು ನೋಡಿ. ಹೊಳೆಯ ಆಚೆ ಸ್ಮಶಾನ ಇದೆ, ಅಲ್ಲಿಗೂ ಹೋಗಿ. ಆಮೇಲೆ ಒಳಗೆ. ಊಟ ಕಟ್ಟಿಕೊಂಡು ಹೋಗಿ, ಸುತ್ತಮುತ್ತ ಹೋಟೆಲು ಕಡಿಮೆ. ಬೇಸಿಗೆಯಲ್ಲೂ ಸ್ವೆಟರ್ ಬೇಕು.

ಇನ್ನೂ ಸಮಯ ಇದ್ದರೆ ಅದೇ ರಸ್ತೆಯಲ್ಲಿ ಉತ್ತರಕ್ಕೆ ಸುಮಾರು 25 ಕಿ.ಮೀ. ಮುಂದೆ ಹೋಗಿ. 2015ರಲ್ಲಿ ಸ್ಟುವರ್ಟ್ಸ್ ಪಾಯಿಂಟ್ ಬಳಿ ಸಮುದ್ರಕ್ಕೆ ತಾಗಿದ 688 ಎಕರೆ ಜಮೀನು ಕಶಾಯಾ ಜನರ ಕೈಗೆ ವಾಪಸ್ ಬಂತು. ನೂರೈವತ್ತು ವರ್ಷದ ಹತ್ತಿರ ಹತ್ತಿರ ಆದ ಮೇಲೆ ಅವರದೇ ಸ್ವಂತ ಕಡಲ ದಂಡೆ. ಅದರ ಅಂಚಿನಲ್ಲಿ ಎಲ್ಲರಿಗೂ ನಡೆಯಲು ಒಂದು ಕಾಲುದಾರಿಗೆ ಅವರು ಒಪ್ಪಿಗೆ ಕೊಟ್ಟಿದ್ದಾರೆ. ಹೋಗುವ ಮುಂಚೆ ದಾರಿ ತೆರೆದಿದೆಯಾ ಅಂತ ನೋಡಿಕೊಂಡು ಹೋಗಿ.